ಎಲ್ಲರಿಗೂ ಗೊತ್ತಿದ್ದ ಶ್ರುತಿ

ಹಾಳೆಗಳು ಮೇಲಿನಿಂದ ಬೀಳುವಾಗ ಬಿಳಿ ಹೇಂಟೆಗಳ ಹಾಗೆ ಕಂಡವು, ರೆಕ್ಕೆ ಬಡಿದೂ ಹಾರಲಾರದ ಹೇಂಟೆಗಳು, ಆರ್ಗನ್ ಅಟ್ಟದ ಕಟಕಟೆಯಾಚೆಯಿಂದ ಮೊದಲು ಒಂದು, ಆಮೇಲೆ ಎರಡು, ಆಮೇಲೆ ಇಡೀ ಕಟ್ಟು, ಇನ್ನೂ ಹೊಲಿಯದ ಹಾಳೆಗಳು, ಸೋಮವಾರ ಹೊಲಿಸಿ ರಟ್ಟು ಹಾಕಿಸಬೇಕಾಗಿದ್ದವು, ಸೈನಿಕರು ಬಣ್ಣದ ಗಾಜು ಒಡೆದ ಕಿಟಕಿಗೆ ಹಾಕಿದ ಸಾದಾ ಗಾಜಿನಿಂದ ಬಿಸಿಲು ನೇರ ಒಳಗೆ ಬರುತ್ತಿತ್ತು, ಆ ಬಿಸಿಲಲ್ಲಿ ಒಂದೊಂದು ಹಾಳೆಯೂ ಹೊರಳಿ ತನ್ನ ಆರಾರು ಗೆರೆಗಳನ್ನು ತೋರಿಸಿ ನೆಲಕ್ಕೆ ಬಿತ್ತು — ನನ್ನ ಗೆರೆಗಳು, ಅಂದುಕೊಂಡ ಗಿಡಿಯನ್ ಪೆಲ್, ಎಷ್ಟು ನೆಟ್ಟಗಿವೆ, ಬೀಳುವಾಗಲೂ ನೆಟ್ಟಗಿವೆ — ಮತ್ತು ಹಾಳೆಗಳ ಬೆನ್ನಿಗೇ ದನಿಯೂ ಬಿತ್ತು, ಹೊಸ ಆರ್ಗನ್ ವಾದಕ ಸ್ಟಾಂಡಿಶ್‌ನ ದನಿ, ಪ್ಯಾರಿಸ್ಸಿನಲ್ಲಿ ಆರು ವರ್ಷ ಇದ್ದು ಬಂದವನ ಮೂಗಿನ ದನಿ, ಕುರಿ ಬೆನ್ನಿಗೆ ಡಾಂಬರು ಬಳೀತಿದ್ದೋನ ಮಗನ ಕೈಗೆ ಲೇಖನಿ ಕೊಟ್ರೆ ಇನ್ನೇನಾಗತ್ತೆ ಪಾದ್ರಿಗಳೇ, ಅಪ್ಪ ಕುರಿಗೆ ಬಳಿದ, ಮಗ ಕಾಗದಕ್ಕೆ ಬಳಿದಿದಾನೆ, ಎರಡಕ್ಕೂ ವ್ಯತ್ಯಾಸ ಗೊತ್ತಿದ್ರೆ ತಾನೆ! ಹನ್ನೆರಡು ಮಂದಿ ಗಾಯಕರು, ಎಂಟು ಹುಡುಗರು, ತಿದಿ ಒತ್ತುವವನು, ನೆಲ ಗುಡಿಸುವ ಮುದುಕಿ, ಎಲ್ಲರ ಎದುರಿಗೆ. ಮೊದಲು ಹುಡುಗರು ನಕ್ಕರು, ಆಮೇಲೆ ದೊಡ್ಡವರು, ಪಾದ್ರಿ ಫರ್ನೆಲ್ ನಗಲಿಲ್ಲ, ಕೆಥೀಡ್ರಲ್ಲಿನ ಸಭೆಯಲ್ಲಿ ಯಾರ ಮಾತು ನಡೆಯುತ್ತದೋ ಅವರು ಹೀಗೆಲ್ಲ ನಗುವುದಿಲ್ಲ, ಕೈ ಹಿಂದೆ ಕಟ್ಟಿ ನಿಂತು ನೋಡುತ್ತಾರೆ. ನಾಳೆ ಬಿಷಪ್ ಬರುತ್ತಾರೆ, ಇವತ್ತು ಶನಿವಾರದ ಮಧ್ಯಾಹ್ನ ಕೊನೆಯ ತಾಲೀಮು, ಈ ಹಾಳೆ ಇಟ್ಟು ಆರ್ಗನ್ ನುಡಿಸುವುದು ಇದೇ ಮೊದಲು, ಯುದ್ಧಕ್ಕೆ ಮುಂಚೆ ಇದೇ ಕಲ್ಲುಗಳ ನಡುವೆ ಹಾಡುತ್ತಿದ್ದ ಹಳೆಯ ಕೀರ್ತನೆಯನ್ನು ಮತ್ತೆ ಹಾಡಬೇಕೆಂದು ಎಲ್ಲರೂ ಹೊಸ ಬಿಳಿ ನಿಲುವಂಗಿ ತೊಟ್ಟು ನಿಂತಿದ್ದರು, ಗಿಡಿಯನ್ ನಕಲು ಮಾಡಿಕೊಟ್ಟ ಹಾಳೆ ನೋಡಿ ಸ್ಟಾಂಡಿಶ್ ಆರ್ಗನ್ ನುಡಿಸಿದ, ಗಾಯಕರು ಆ ಶ್ರುತಿ ಹಿಡಿದು ಬಾಯಿ ತೆರೆದರು, ಎಲ್ಲವೂ ನಾಲ್ಕು ಸ್ವರಮೆಟ್ಟಿಲು ಕೆಳಗೆ, ಹುಡುಗರು ಕಪ್ಪೆಗಳ ಹಾಗೆ ಗೊಟರಿದರು, ಪೀಪಾಯಿಯಂಥ ಎದೆಯ ಪಾಬ್ಜಾಯ್, ಕೆಳಸ್ವರದಲ್ಲಿ ಈ ಊರಿನಲ್ಲೇ ಅವನಿಗೆ ಸಮ ಇಲ್ಲ, ಇಳಿದ, ಇಳಿದ, ಇಳಿದ, ಕೊನೆಗೆ ದನಿ ಹೋಗಿ ಬರೀ ಗಾಳಿ ಉಳಿಯಿತು, ಲೋ ಗಿಡಿಯನ್, ಬಾವಿಗೆ ಬಿದ್ದಿದೀನಿ ಕಣೋ, ಹಗ್ಗ ಬಿಡೋ!

ಹೆಕ್ಕು. ಮಂಡಿಯೂರಿ ಹೆಕ್ಕು, ಬೇರೆ ಏನು ಮಾಡುವುದಕ್ಕಿದೆ, ಕಲ್ಲು ಮೇ ತಿಂಗಳಲ್ಲೂ ತಣ್ಣಗಿದೆ, ಮೊದಲ ಹಾಳೆ ಬೆಂಚಿನ ಕಾಲಿನ ಬಳಿ, ಎರಡನೆಯದು ಹುಡುಗನೊಬ್ಬನ ಬೂಟಿನ ಮೇಲೆ, ಎತ್ತೋ ಕಾಲು, ಹುಡುಗ ಎತ್ತಲಿಲ್ಲ, ಗಿಡಿಯನ್ ಬೂಟನ್ನೇ ಹಿಡಿದು ಪಕ್ಕಕ್ಕಿಟ್ಟ, ಇವನ ಕಿವಿ ಹಿಂಡಿದರೆ ಏನಾಗುತ್ತದೆ, ಏನೂ ಆಗುವುದಿಲ್ಲ, ಕುರಿಯವನ ಮಗ ಹುಡುಗನಿಗೆ ಹೊಡೆದ ಅನ್ನುತ್ತಾರೆ. ಡಾಂಬರು. ಹೌದು ಬಳಿಯುತ್ತಿದ್ದ ಅಪ್ಪ, ಬೆಟ್ಟದ ಮೇಲಿನ ಮೂರು ಯಜಮಾನರ ಕುರಿಗಳಿಗೆ, ಕಬ್ಬಿಣದ ಅಚ್ಚನ್ನು ಬಿಸಿ ಡಾಂಬರಿನಲ್ಲಿ ಅದ್ದಿ ಒಂದೇ ಸಲ ಒತ್ತಿ ಒಂದೇ ಸಲ ಎತ್ತುತ್ತಿದ್ದ, ಕೈ ನಡುಗಿದರೆ ಗುರುತು ಕದಡುತ್ತದೆ ಮಗಾ, ಕದಡಿದ ಗುರುತಿನ ಕುರಿ ಯಾರದೂ ಅಲ್ಲ ಅನ್ನುತ್ತಿದ್ದ, ಅಪ್ಪ ಬಳಿದ ಒಂದು ಗುರುತೂ ಕದಡಿರಲಿಲ್ಲ, ಸ್ಟಾಂಡಿಶ್ ಬಾ ಇಲ್ಲಿ, ನೀನು ಒಂದು ಕುರಿ ಹಿಡಿದು ತೋರಿಸು, ಆ ಲೇಸಿನ ಮುಂಗೈ ಇಟ್ಟುಕೊಂಡು. ಅಪ್ಪ ಸತ್ತಾಗ ಗಿಡಿಯನ್‌ಗೆ ಹನ್ನೊಂದು, ಶಾಲೆಯಲ್ಲಿ ಲ್ಯಾಟಿನ್ನಿನ ಮೂರನೆಯ ಪುಸ್ತಕದ ಅರ್ಧಕ್ಕೆ ಬಂದಿದ್ದ, ಆ ಅರ್ಧ ಇನ್ನೂ ಅರ್ಧವೇ ಆಗಿದೆ, ಮೇಷ್ಟರು ಬಾಗಿಲಲ್ಲಿ ನಿಂತು ಹೋಗೋ ಹೋಗು, ನಿನ್ನಂಥೋರಿಗೆ ಇಷ್ಟು ಬಂದದ್ದೇ ಹೆಚ್ಚು ಅಂದದ್ದು ಇವತ್ತಿಗೂ ಕಿವಿಯಲ್ಲಿದೆ, ನಿನ್ನಂಥೋರು, ಇವರೆಲ್ಲರಿಗೂ ಅದೊಂದೇ ಮಾತು, ಲೇಸು ಹಾಕಿಕೊಂಡವನ ಬಾಯಲ್ಲೂ ಅದೇ, ಕೋಲು ಹಿಡಿದವನ ಬಾಯಲ್ಲೂ ಅದೇ. ಮೂರನೆಯ ಹಾಳೆ. ನಾಲ್ಕನೆಯದು. ನೋಡು, ಈ ಹಾಳೆಯಲ್ಲಿ ಮಸಿ ಎಲ್ಲೂ ಹರಡಿಲ್ಲ, ಬಲಗೈಗೆ ಆರು ಗೆರೆ, ಎಡಗೈಗೆ ಆರು ಗೆರೆ, ಆರು ಮೂತಿಯ ಹಿತ್ತಾಳೆ ಲೇಖನಿಯನ್ನು ಮಸಿಯಲ್ಲಿ ಅದ್ದಿ ಉಸಿರು ಹಿಡಿದು ಈ ಅಂಚಿನಿಂದ ಆ ಅಂಚಿಗೆ ಒಂದೇ ಎಳೆತ, ನಡುವೆ ಉಸಿರು ಬಿಟ್ಟರೆ ಗೆರೆ ಉಬ್ಬುತ್ತದೆ, ಗೆರೆ ಎಳೆಯೋಕೆ ಬರದೋನು ಸ್ವರ ಕೂರಿಸೋಕೆ ಹೋಗಬಾರದು ಮಗಾ, ಇದು ಅಪ್ಪ ಹೇಳಿದ್ದಲ್ಲ, ಇದು ಟಿಲ್ಸ್ಲಿ ಮಾಸ್ಟ್ರು ಹೇಳಿದ್ದು, ಗಿಡಿಯನ್‌ನ ತಲೆಯಲ್ಲಿ ಎರಡೂ ಒಂದೇ ದನಿಯಲ್ಲಿ ಬರುತ್ತವೆ.

ಮಾಸ್ಟ್ರು ಅಲ್ಲೇ ಕೂತಿದ್ದಾರೆ, ಹಿಂದಿನ ಸಾಲಿನ ಕೊನೆಯ ಪೀಠದಲ್ಲಿ, ಕಂಬಕ್ಕೆ ಒರಗಿ, ಎಪ್ಪತ್ತಾರು ವರ್ಷದ ಆಂಬ್ರೋಸ್ ಟಿಲ್ಸ್ಲಿ, ಹಳೆಯ ಆರ್ಗನ್ನಿನ ವಾದಕ, ತಲೆ ಎತ್ತಿ ನೋಡಬೇಡ, ನೋಡಿದರೆ ಪಾದ್ರಿಯೂ ಆ ಕಡೆಗೇ ನೋಡುತ್ತಾರೆ. ಅವರ ಮನೆಗೆ ಅವನು ಕುರಿಹಾಲು ಹಾಕುತ್ತಿದ್ದ, ಶಾಲೆ ಬಿಟ್ಟ ವರ್ಷ, ಅವರ ಹೆಂಡತಿ ಚೀಸ್ ಮಾಡಿ ಮಾರುತ್ತಿದ್ದಳು, ಆಗ ರಾಜನನ್ನು ಉರುಳಿಸಿದ ಮಡಿವಂತರ ಆಳ್ವಿಕೆ, ಕೆಥೀಡ್ರಲ್ಲಿನಲ್ಲಿ ಸಂಗೀತವೇ ಇಲ್ಲ, ಆರ್ಗನ್ ಎಂಬುದೇ ಪಾಪ, ಅವರ ಸೈನಿಕರು ಅದರ ಕೊಳವೆಗಳನ್ನು ಕಿತ್ತು ಬೀದಿಯಲ್ಲಿ ಊದಿಕೊಂಡು ಹೋಗಿ ಹೆಂಡದಂಗಡಿಯಲ್ಲಿ ಒಂದೊಂದು ಕೊಳವೆಗೆ ಒಂದೊಂದು ಮಗ್ಗು ಕುಡಿದರಂತೆ, ಮಾಸ್ಟ್ರು ಆವತ್ತು ಆ ಅಂಗಡಿಯ ಎದುರೇ ನಿಂತಿದ್ದರಂತೆ, ದೊಡ್ಡ ಕೊಳವೆ ಬಾಗಿಲಲ್ಲಿ ಹಿಡಿಸಲಿಲ್ಲ ಮಗಾ, ಅಡ್ಡ ಮಾಡಿ ಒಳಗೆ ಒಯ್ದರು, ಹೆಣ ಒಯ್ದ ಹಾಗೆ. ಉಳಿದದ್ದು ಒಂದು ಪುಸ್ತಕ. ಆರ್ಗನ್ ಪುಸ್ತಕ, ಅವರ ಗುರುವಿನ ಕಾಲದ್ದು, ಐವತ್ತೆರಡು ಕೀರ್ತನೆ, ಅದನ್ನು ಹೆಂಡತಿಯ ಚೀಸ್ ಅಟ್ಟದಲ್ಲಿ, ಹಲಗೆಗೂ ಹಲಗೆಗೂ ನಡುವೆ, ಮೇಲೆ ಹನ್ನೆರಡು ಉಂಡೆ ಚೀಸ್ ಹೇರಿ ಹದಿನಾಲ್ಕು ವರ್ಷ ಇಟ್ಟರು, ಹುಡುಕಲು ಬಂದ ಸೈನಿಕರು ಚೀಸ್ ತಿಂದು ಹೋದರು, ಪುಸ್ತಕ ಮುಟ್ಟಲಿಲ್ಲ, ಈಗಲೂ ತೆರೆದರೆ ಮೂಗಿಗೆ ಮೊದಲು ಬರುವುದು ಅದೇ ಹುಳಿ ವಾಸನೆ, ಪರಿಶುದ್ಧ ಸಂಗೀತ ಕಣೋ, ಬ್ರೆಡ್ಡಿಗೆ ಹಚ್ಕೋಬಹುದು, ಎಂದು ತಾವೇ ನಗುತ್ತಿದ್ದರು. ವಾದ್ಯ ಇರಲಿಲ್ಲ. ಮನೆಯಲ್ಲಿದ್ದ ಕೀಲಿಮಣೆಯ ಚಿಕ್ಕ ತಂತಿವಾದ್ಯ, ವರ್ಜಿನಲ್, ಅದನ್ನೂ ಒಂದು ಚಳಿಗಾಲ ಮಾರಿಬಿಟ್ಟಿದ್ದರು, ಅಡುಗೆಮನೆಯ ಓಕ್ ಮೇಜಿನ ಅಂಚಿಗೆ ಸುಣ್ಣದ ಕಡ್ಡಿಯಿಂದ ಕೀಲಿಮಣೆ ಬರೆದಿದ್ದರು, ಬಿಳಿ ಕೀಲಿ, ಕರಿ ಕೀಲಿ, ಹೆಂಡತಿ ಬೆಳಿಗ್ಗೆ ಒರೆಸುವಳು, ಇವರು ಮತ್ತೆ ಬರೆಯುವರು, ಹಾಲಿನ ಕೊಡ ಇಳಿಸಿ ನಿಂತ ಹನ್ನೊಂದರ ಹುಡುಗ ನೋಡಿದ್ದು ಅದನ್ನೇ — ಒಬ್ಬ ಮುದುಕ ಮರದ ಮೇಲೆ ಬೆರಳಾಡಿಸುತ್ತಿದ್ದಾನೆ, ಕಣ್ಣು ಮುಚ್ಚಿದೆ, ಸದ್ದಿಲ್ಲ, ಬರೀ ಉಗುರಿನ ಟಕಟಕ, ಕೊನೆಯಲ್ಲಿ ಬಲಗೈ ಕಿರುಬೆರಳು, ಒಂದು ಕಡೆ ಸೊಟ್ಟಗಾದ ಕಿರುಬೆರಳು, ಒಂದು ಕೀಲಿಯ ಮೇಲೆ ಒತ್ತಿ ನಿಂತಿತು, ಎತ್ತಲಿಲ್ಲ, ಹಾಲು ತಂದಿದೀನಿ ಅಂದ ಹುಡುಗ, ಶ್ ಅಂದರು ಮಾಸ್ಟ್ರು, ಇನ್ನೂ ಇದೆ, ಮೇಲೆ ಚಾವಣೀಲಿ ಇನ್ನೂ ಇದೆ, ಕೇಳಿಸಲ್ವೇನೋ? ಹುಡುಗ ಅಡುಗೆಮನೆಯ ಚಾವಣಿ ನೋಡಿದ, ಅಲ್ಲಿ ಈರುಳ್ಳಿ ಗೊಂಚಲು ತೂಗುತ್ತಿತ್ತು.

ಒಂಬತ್ತನೆಯ ಹಾಳೆ, ಹತ್ತು, ಗಾಯಕರು ಪಿಸುಗುಡುತ್ತಿದ್ದಾರೆ, ಮೇಲೆ ಸ್ಟಾಂಡಿಶ್ ಇನ್ನೂ ನಿಲ್ಲಿಸಿಲ್ಲ, ಆ ಹಳೇ ಪುಸ್ತಕವೂ ಹೀಗೇ ಇರಬೇಕು ಪಾದ್ರಿಗಳೇ, ನಾನು ಅವತ್ತೇ ಹೇಳ್ದೆ, ರಟ್ಟು ಕಟ್ಟೋನಿಗೆ ಕೊಡಿ, ಹಾಳೆ ದಪ್ಪ ಇದೆ, ಬೈಬಲ್ಲಿನ ರಟ್ಟೊಳಗೆ ಅಂಟಿಸೋಕೆ ಬರತ್ತೆ. ರಟ್ಟಿಗಂತೆ. ನಾಲ್ಕು ಮೆಟ್ಟಿಲು. ಬರೋಬ್ಬರಿ ನಾಲ್ಕು, ಮೂರೂ ಅಲ್ಲ, ಐದೂ ಅಲ್ಲ — ಗಿಡಿಯನ್‌ನ ಕೈ ಹನ್ನೊಂದನೆಯ ಹಾಳೆಯ ಮೇಲೆ ನಿಂತುಬಿಟ್ಟಿತು — ಅದನ್ನು ಅವನು ಮೊದಲೇ ಕಂಡಿದ್ದ. ಫೆಬ್ರವರಿಯಲ್ಲಿ, ಮಾಸ್ಟ್ರ ಕೋಣೆಯಲ್ಲಿ, ಕಿಟಕಿಗೆ ಹಿಮ ಕೂತಿತ್ತು, ಮಸಿ ಹೆಪ್ಪುಗಟ್ಟದಿರಲೆಂದು ಬಟ್ಟಲನ್ನು ಕಂಕುಳಲ್ಲಿ ಇಟ್ಟುಕೊಂಡು ಬರೆಯುತ್ತಿದ್ದ, ಹಳೆಯ ಪುಸ್ತಕ ನೋಡಿ ಹೊಸದಕ್ಕೆ ನಕಲು, ಮೇಲಿನ ಸಾಲು ಮತ್ತು ಕೆಳಗಿನ ಸಾಲು ಅಷ್ಟೇ, ಆರ್ಗನ್ ಪುಸ್ತಕದಲ್ಲಿ ನಡುವಿನದನ್ನು ಬರೆಯುವುದಿಲ್ಲ, ನಡುವಿನದು ನುಡಿಸುವವನ ಬೆರಳಿಗೆ ಗೊತ್ತಿರಬೇಕು, ಆಗ ಗಾಯಕರ ಪುಸ್ತಕವೊಂದು ಪಕ್ಕದಲ್ಲಿ ತೆರೆದಿತ್ತು, ಅವರ ಮೊದಲ ಸ್ವರ ಒಂದು, ಆರ್ಗನ್ನಿನ ಮೊದಲ ಸ್ವರ ಇನ್ನೊಂದು, ನಾಲ್ಕು ಮೆಟ್ಟಿಲು ಕೆಳಗೆ, ಮುಂದಿನ ಕೀರ್ತನೆಯಲ್ಲೂ ಹಾಗೇ, ಅದರ ಮುಂದಿನದರಲ್ಲೂ, ಮಾಸ್ಟ್ರೇ, ಇದು ಕೂಡಲ್ಲ ಅನ್ಸತ್ತೆ, ಮೇಲಕ್ಕೆ ಸರಿಸಿ ಬರೀಲಾ? ಮಾಸ್ಟ್ರು ಹೊದಿಕೆಯೊಳಗಿನಿಂದ ಸಿಡುಕಿದರು, ಒಂದು ಚುಕ್ಕೆ ಅಲ್ಲಾಡಿಸಿದ್ರೆ ಕೈ ಮುರೀತೀನಿ, ಇದ್ದಂಗೆ ಬರಿ, ಆರ್ಗನ್ ತಾನೇ ನೋಡ್ಕೊಳ್ಳತ್ತೆ! ಆರ್ಗನ್ ತಾನೇ ನೋಡಿಕೊಳ್ಳುತ್ತದೆ. ಅಂದರೆ ಏನೆಂದು ಗಿಡಿಯನ್ ಕೇಳಲಿಲ್ಲ, ಅವನಿಗೆ ಆರ್ಗನ್ ಗೊತ್ತಿಲ್ಲ, ಅವನು ಆರು ವರ್ಷದವನಾಗಿದ್ದಾಗ ಅದು ಹೆಂಡದಂಗಡಿ ಸೇರಿತ್ತು, ರಾಜ ಮರಳಿ ಬಂದು ಎರಡು ವರ್ಷದ ಮೇಲೆ, ಈ ಏಪ್ರಿಲಿನಲ್ಲಿ ಹೊಸದು ಬಂತು, ಇಪ್ಪತ್ತೆರಡರ ವಯಸ್ಸಿನಲ್ಲಿ ಮೊದಲ ಸಲ ಆರ್ಗನ್ ಕೇಳಿ ಕಂಬದ ಹಿಂದೆ ಹೋಗಿ ಅತ್ತಿದ್ದ, ಯಾರೂ ನೋಡಲಿಲ್ಲ. ಸ್ಟಾಂಡಿಶ್‌ನನ್ನು ಕೇಳಬಹುದಿತ್ತು. ಒಂದು ಮಾತು, ಸ್ವಾಮಿ, ಇದು ಹೀಗೇ ಇರಬೇಕಾ? ಕೇಳಲಿಲ್ಲ, ಕೇಳಿದರೆ ಇವನಿಗೆ ಇಷ್ಟೂ ಗೊತ್ತಿಲ್ಲ ಎಂದಾಗುತ್ತದಲ್ಲ, ನಿನ್ನಂಥೋರಿಗೆ ಇಷ್ಟು ಬಂದದ್ದೇ ಹೆಚ್ಚು, ಆ ಒಂದು ಮಾತು ಎರಡನೆಯ ಸಲ ಕೇಳಬಾರದೆಂದು ಬಾಯಿ ಮುಚ್ಚಿಕೊಂಡಿದ್ದ, ನೋಡು ಈಗ, ಅದಕ್ಕಿಂತ ಚೆನ್ನಾಗಿ ಕೇಳಿಸಿಕೊಂಡೆ, ಬಿಳಿ ಅಂಗಿ ತೊಟ್ಟ ಇಪ್ಪತ್ತು ಮಂದಿಯ ಎದುರಿಗೆ.

ಮೇಜು. ಸುಣ್ಣದ ಕೀಲಿಮಣೆ. ಮಾಸ್ಟ್ರು ಹುಡುಗನ ಬೆರಳು ಹಿಡಿದು ಒಂದು ಕೀಲಿಯ ಮೇಲಿಟ್ಟು ಬಾಯಲ್ಲಿ ಸ್ವರ ಹಾಡುತ್ತಿದ್ದರು, ಇದು ಹೀಗೆ ಕೇಳತ್ತೆ, ಇದು ಹೀಗೆ, ಒತ್ತಿದ್ದು ಒಂದು, ಹಾಡಿದ್ದು ಬೇರೆ, ಯಾವಾಗಲೂ ನಾಲ್ಕು ಮೆಟ್ಟಿಲು ಮೇಲೆ, ಆಮೇಲೆ ದೊಡ್ಡವನಾಗಿ ಬೇರೆಯವರ ಮನೆಯ ವರ್ಜಿನಲ್ ಮುಟ್ಟಿದಾಗ ಗೊತ್ತಾಯಿತು, ಪಾಪ, ಮುದುಕರಿಗೆ ಕಿವಿ ಹೋಗಿದೆ ಎಂದು ಸುಮ್ಮನಾದ. ಕಿವಿ ಹೋಗಿರಲಿಲ್ಲ. ಅಯ್ಯೋ ದೇವರೇ, ಕಿವಿ ಹೋಗಿರಲೇ ಇಲ್ಲ, ಅವರ ಆರ್ಗನ್ನೇ ಹಾಗಿತ್ತು, ಆ ಮುರಿದು ಹೋದ ಆರ್ಗನ್, ಅದರ ಶ್ರುತಿಯೇ ಗಾಯಕರ ಶ್ರುತಿಗಿಂತ ನಾಲ್ಕು ಮೆಟ್ಟಿಲು ಮೇಲೆ, ಅದಕ್ಕೇ ಆರ್ಗನ್ ಪುಸ್ತಕದಲ್ಲಿ ನಾಲ್ಕು ಮೆಟ್ಟಿಲು ಕೆಳಗೆ ಬರೆಯುತ್ತಿದ್ದರು, ಕೆಳಗೆ ಒತ್ತಿದರೆ ಮೇಲೆ ಕೇಳುತ್ತಿತ್ತು, ತಾನೇ ನೋಡಿಕೊಳ್ಳುತ್ತಿತ್ತು, ಈ ಹೊಸದು ಗಾಯಕರದೇ ಶ್ರುತಿಗೆ ಮಾಡಿದ್ದು, ಒತ್ತಿದ್ದೇ ಕೇಳುತ್ತದೆ. ಪುಸ್ತಕದ ಮೊದಲ ಹಾಳೆಯಲ್ಲಿ ಒಂದು ಸಾಲು ಬರೆದಿಟ್ಟಿದ್ದರೆ! ಯಾಕೆ ಬರೆಯುತ್ತಾರೆ, ಆ ಕಾಲದಲ್ಲಿ ಆರ್ಗನ್ ಮುಟ್ಟುವವರಿಗೆಲ್ಲ ಗೊತ್ತಿತ್ತು, ಗುರುವಿಗೆ ಗೊತ್ತು, ಶಿಷ್ಯನಿಗೆ ಗೊತ್ತು, ಎಲ್ಲರಿಗೂ ಗೊತ್ತಿದ್ದುದನ್ನು ಯಾರೂ ಬರೆದಿಡಲಿಲ್ಲ, ಆಮೇಲೆ ಎಲ್ಲರೂ ಸತ್ತರು, ಉಳಿದದ್ದು ಒಬ್ಬರೇ, ಅವರ ತಲೆಯೊಳಗೆ ಆ ಆರ್ಗನ್ ಮುರಿದೇ ಇಲ್ಲ. ತಪ್ಪಿಲ್ಲ ಪುಸ್ತಕದಲ್ಲಿ, ಒಂದು ಚುಕ್ಕೆ ತಪ್ಪಿಲ್ಲ, ನನ್ನ ನಕಲಿನಲ್ಲೂ ತಪ್ಪಿಲ್ಲ — ಗಂಟಲಿಗೆ ಬಂತು ಮಾತು, ಬಿಸಿ ಡಾಂಬರಿನ ಹಾಗೆ ಕುದಿಯುತ್ತ ಬಂತು, ಏ ಸ್ಟಾಂಡಿಶ್, ಪ್ಯಾರಿಸ್ಸಿನಲ್ಲಿ ಏನು ಕಲಿತೆ, ಲೇಸು ಕಟ್ಟೋದಾ, ನಾಲ್ಕು ಮೆಟ್ಟಿಲು ಮೇಲೆ ಸರಿಸಿ ನುಡಿಸು, ಬೆರಳಿಗೆ ಬರಲ್ವಾ, ಈ ಮುದುಕರು ನಿನ್ನ ವಯಸ್ಸಲ್ಲಿ ನಿದ್ದೆಗಣ್ಣಲ್ಲಿ ನುಡಿಸ್ತಿದ್ರು, ಕುರಿಯವನ ಮಗ ಹೇಳ್ತಿದೀನಿ ಕೇಳು! ಎಷ್ಟು ಚೆನ್ನಾಗಿದೆ ಈ ಮಾತು. ಇದನ್ನು ಹೇಳಿದರೆ ಪಾಬ್ಜಾಯ್ ತೊಡೆ ತಟ್ಟಿ ನಗುತ್ತಾನೆ, ನಾಳೆ ಬೆಳಿಗ್ಗೆ ಗಿಡಿಯನ್ ಕೆಥೀಡ್ರಲ್ಲಿನ ನಕಲುಗಾರನೆಂದು ಬೈಬಲ್ ಮುಟ್ಟಿ ಪ್ರಮಾಣ ಮಾಡುತ್ತಾನೆ, ಕರಿ ಗೌನು, ಉತ್ತರದ ಬಾಗಿಲ ಪಕ್ಕದ ಕೋಣೆ, ಬೆಳಕು ಬರುವ ಮೇಜು, ಅಮ್ಮನನ್ನು ಬೆಟ್ಟದಿಂದ ಇಳಿಸಿ ಕರೆದುಕೊಂಡು ಬರಬಹುದು. ಇದೊಂದು ಮಾತು ಸಾಕು.

ಯಾರು ಹೇಳಿದ್ರು ನಿನಗೆ? ಕೇಳಿದ್ದು ಪಾದ್ರಿ ಫರ್ನೆಲ್, ಮೆತ್ತಗೆ, ಮೆತ್ತಗಿನ ದನಿಯವರೇ ಹೆಚ್ಚು ಕಷ್ಟ, ಗಿಡಿಯನ್, ನೀನು ಇದ್ದಲ್ಲೇ ಉತ್ತರ ಕೊಡು, ಇದು ನಿನ್ನ ಕೈತಪ್ಪೋ, ಅಥವಾ ಹೀಗೇ ಬರಿ ಅಂತ ನಿನಗೆ ಯಾರಾದ್ರೂ ಹೇಳಿದ್ರೋ? ಯಾರಾದರೂ. ಊರಿಗೆಲ್ಲ ಗೊತ್ತು ಅವನು ಯಾರ ಕೋಣೆಯಲ್ಲಿ ಕೂತು ಬರೆದನೆಂದು, ಆದರೂ ಯಾರಾದರೂ ಅನ್ನುತ್ತಾರೆ, ಅವನ ಬಾಯಿಂದಲೇ ಹೆಸರು ಬರಬೇಕು. ಸೋಮವಾರ ಸಭೆ ಇದೆ. ಟಿಲ್ಸ್ಲಿಗೆ ಕೊಟ್ಟ ಕೋಣೆ ಯಾಕೆ, ದಿನಾ ಎರಡು ಬ್ರೆಡ್ಡು, ಒಂದು ಮಗ್ಗು ಏಲ್, ಚಳಿಗಾಲಕ್ಕೆ ಸೌದೆ ಯಾಕೆ, ಹಳೆಯ ಸಂಗೀತ ನೆನಪಿರುವ ಒಬ್ಬನೇ ಅಂತ ಕೊಟ್ಟಿದೀವಿ, ನೆನಪೇ ಕೆಟ್ಟಿದ್ರೆ ತಂಗಿ ಮನೆಗೆ ಹೋಗಲಿ, ಎಂದು ಹೋದ ಸಲ ಇದೇ ಫರ್ನೆಲ್ ಅಂದಿದ್ದರು, ಬಾಗಿಲ ಹೊರಗೆ ಗೆರೆ ಎಳೆಯುತ್ತ ಕೂತಿದ್ದವನಿಗೆ ಪೂರ್ತಿ ಕೇಳಿಸಿತ್ತು. ತಂಗಿ ಮನೆ ಇರುವುದು ಜವುಗಿನಾಚೆ, ಅವಳು ಇನ್ನೂ ಆರ್ಗನ್ ಅಂದರೆ ಸೈತಾನನ ಎದೆಗೂಡು ಅನ್ನುವವಳು, ಪುಸ್ತಕ ಕಂಡರೆ ಒಲೆಗೆ ಹಾಕುತ್ತಾಳೆ, ಮೇಜಿಗೆ ಸುಣ್ಣ ಮುಟ್ಟಿಸಲೂ ಬಿಡುವುದಿಲ್ಲ. ಮಾಸ್ಟ್ರ ತಪ್ಪಿಲ್ಲ, ಅವರ ಆರ್ಗನ್ ಹಾಗಿತ್ತು ಎಂದರೆ? ಹೌದಪ್ಪ, ಹಾಗಾದ್ರೆ ಈಗಿನ ಆರ್ಗನ್ ಬೇರೆ ಅನ್ನೋದೇ ಅವರಿಗೆ ನೆನಪಿಲ್ಲವೇ, ಏಪ್ರಿಲಿನಿಂದ ದಿನಾ ಕೇಳ್ತಿದಾರಲ್ಲ, ಎಂದು ಮೆತ್ತಗೆ ಕೇಳುತ್ತಾರೆ, ಅಷ್ಟೇ, ಅಲ್ಲಿಗೆ ಮುಗಿಯಿತು, ನಿಜ ಬಿಡಿಸಿ ಹೇಳಿದರೂ ಮಾಸ್ಟ್ರು ಹೋಗುತ್ತಾರೆ, ಬರೀ ಹೆಸರು ಹೇಳಿದರೂ ಹೋಗುತ್ತಾರೆ. ಹದಿನೇಳು ಹಾಳೆ ಕೈಯಲ್ಲಿವೆ. ಹದಿನೆಂಟು ಇರಬೇಕು. ಹದಿನೆಂಟನೆಯದು ಎಲ್ಲಿ — ಅಲ್ಲಿ, ಪಾದ್ರಿಯ ಬೂಟಿನ ಕೆಳಗೆ, ಅರ್ಧ ಒಳಗೆ, ಅರ್ಧ ಹೊರಗೆ, ಕೊನೆಯ ಹಾಳೆ, ಕೀರ್ತನೆ ಮುಗಿಯುವ ಹಾಳೆ, ಅದರ ಕೆಳಗೆ ಎಡಮೂಲೆಯಲ್ಲಿ, ಹೊರಗೆ ಚಾಚಿಕೊಂಡ ಮೂಲೆಯಲ್ಲೇ, ನಡುಗುವ ಅಕ್ಷರದಲ್ಲಿ ಒಂದು ಸಾಲು ಇದೆ. ನಕಲುಗಾರ ಬರೆಯುತ್ತಾನೆ, ಇನ್ನೊಬ್ಬ ಮೂಲ ಹಿಡಿದು ಒಂದೊಂದು ಚುಕ್ಕೆ ಕೂಗಿ ತಾಳೆ ನೋಡುತ್ತಾನೆ, ತಾಳೆಯಾದರೆ ಕೀರ್ತನೆಯ ಕೊನೆಗೆ ತನ್ನ ಗುರುತು ಹಾಕುತ್ತಾನೆ, ಅದಿಲ್ಲದ ನಕಲು ನಕಲೇ ಅಲ್ಲ, ಇದು ಈ ಕೆಲಸದ ಕಟ್ಟಳೆ, ಮಾಸ್ಟ್ರು ಹಾಕಿದ್ದು ಬರೀ ಗುರುತಲ್ಲ, ಸಂತೋಷದಲ್ಲಿ ಮನಸ್ಸು ಬಿಚ್ಚಿ ಬರೆದುಬಿಟ್ಟಿದ್ದರು: ನಾನೇ ಓದಿ ನೋಡಿದ್ದೇನೆ, ನಾನು ನುಡಿಸುತ್ತಿದ್ದ ಹಾಗೆಯೇ ಇದೆ, ಒಂದು ಸ್ವರವೂ ಕದಲಿಲ್ಲ, ಆಂಬ್ರೋಸ್ ಟಿಲ್ಸ್ಲಿ. ಪೂರ್ತಿ ಹೆಸರು. ಹೆಸರಿನ ಕೆಳಗೆ ಒಂದು ಸುಳಿ.

ಪಾದ್ರಿ ಕಣ್ಣು ಕೆಳಗೆ ಹಾಕಿದರೆ ಸಾಕು. ಹಾಕಬೇಡಿ, ನನ್ನನ್ನೇ ನೋಡಿ, ಈ ಮುಖ ನೋಡಿ, ಕೋಪ ಬಂದ ಮುಖ, ನಿಮಗೆ ಇಷ್ಟವಿಲ್ಲದ ಮುಖ, ನೋಡುತ್ತಲೇ ಇರಿ, ಗಿಡಿಯನ್ ಮಂಡಿಯ ಮೇಲೆಯೇ ಒಂದು ಹೆಜ್ಜೆ ಮುಂದೆ ಸರಿದ, ಹುಡುಗರಿಗೆ ಮತ್ತೆ ನಗು, ಅದೇ ಹೊತ್ತಿಗೆ ಹಿಂದಿನ ಸಾಲಿನಿಂದ, ಕಂಬದ ಬುಡದಿಂದ, ಒಣಗಿದ ದನಿ ಎದ್ದಿತು, ಸರಿಯಾಗಿದೆಯಲ್ಲ, ಯಾಕೆ ನಿಲ್ಲಿಸಿದ್ರಿ, ಆರ್ಗನ್ ತಾನೇ ನೋಡ್ — ಪಾಬ್ಜಾಯ್ ಕೆಮ್ಮಿದ. ಸಾಮಾನ್ಯ ಕೆಮ್ಮಲ್ಲ, ಪೀಪಾಯಿ ಉರುಳಿಬಿದ್ದ ಕೆಮ್ಮು, ಕಲ್ಲಿಗೆ ಕಲ್ಲಿಗೆ ಬಡಿದು ಪಾರಿವಾಳಗಳು ಎದ್ದವು, ಅಯ್ಯಯ್ಯಪ್ಪ, ಆ ಬಾವಿ ನೀರು ಗಂಟಲಲ್ಲಿ ನಿಂತುಬಿಟ್ಟಿದೆ ಪಾದ್ರಿಗಳೇ, ಒಂದು ಮಗ್ಗು ಏಲ್ ಹಾಕಿ ತೊಳೀದೆ ಇದ್ರೆ ನಾಳೆ ಬಿಷಪ್ಪರ ಮುಂದೆ ನಾನೂ ಕಪ್ಪೇನೇ! ಎಲ್ಲರೂ ನಕ್ಕರು, ಪಾದ್ರಿ ಪಾಬ್ಜಾಯ್ ಕಡೆ ತಿರುಗಿದರು, ಸುಮ್ಮನಿರಯ್ಯಾ ನೀನು, ತಿರುಗುವಾಗ ಬೂಟು ಎದ್ದಿತು, ಬೆರಳಷ್ಟು ಎದ್ದಿತು, ಗಿಡಿಯನ್ ಹಾಳೆ ಎಳೆದುಕೊಂಡ, ಹಾಳೆಯ ಮೇಲೆ ಹಿಮ್ಮಡಿಯ ಅಚ್ಚು ಮೂಡಿತ್ತು, ಸುಳಿಯ ಮೇಲೆ ಸರಿಯಾಗಿ, ಅದನ್ನು ಅಂಗಿಯೊಳಗೆ ಎದೆಗೆ ತಾಗಿಸಿ ಇಟ್ಟುಕೊಂಡು, ಮಿಕ್ಕವನ್ನು ಅದರ ಮೇಲೆ ಒತ್ತಿ ಹಿಡಿದುಕೊಂಡ. ಪಾಬ್ಜಾಯ್ ಅವನ ಕಡೆ ನೋಡಲಿಲ್ಲ, ಮೂಗು ಒರೆಸಿಕೊಳ್ಳುತ್ತಿದ್ದ. ಇವನಿಗೂ ಗೊತ್ತಾಗಿದೆ, ಆಗಲೇ ಗೊತ್ತಾಗಿದೆ, ಬಾವಿಯಲ್ಲಿ ಬಿದ್ದವನಿಗೆ ಎಷ್ಟು ಆಳ ಎಂದು ಗೊತ್ತಾಗದೆ ಇರುತ್ತದೆಯೇ, ಮುದುಕನ ಕೈಕೆಳಗೆ ಹುಡುಗನಾಗಿದ್ದಾಗ ಹಾಡಿದವನಲ್ಲವೇ ಇವನೂ, ಗೊತ್ತಿದ್ದೂ ಹಗ್ಗ ಬಿಡೋ ಎಂದು ನಗಿಸಿದನೇ, ಥೂ, ಇವನನ್ನು ಬಯ್ಯಬೇಕೋ ತಬ್ಬಿಕೊಳ್ಳಬೇಕೋ.

ಎದ್ದ. ಮಂಡಿಯಲ್ಲಿ ಧೂಳು, ಒರೆಸಿಕೊಳ್ಳಲಿಲ್ಲ. ಉತ್ತರ ಕೊಡು ಅಂದೆ ಗಿಡಿಯನ್, ಪಾದ್ರಿಯ ಮೆತ್ತಗಿನ ದನಿ, ಹೆಸರು ಹೇಳು, ಇಲ್ಲಾ ನನ್ನ ತಪ್ಪು ಅಂತ ಹೇಳು, ಎರಡರಲ್ಲಿ ಒಂದು, ನಾಳೆ ಪ್ರಮಾಣ ಮಾಡೋನು ನೀನು, ನೆನಪಿರಲಿ. ಮೇಲಿನಿಂದ ಸ್ಟಾಂಡಿಶ್, ಬಿಡಿ ಪಾದ್ರಿಗಳೇ, ಕುರಿಗೆ ಬಾಯಿ ಬರಲ್ಲ. ನನ್ನ ತಪ್ಪು ಎಂದು ಹೇಳಬಹುದು, ಎರಡೇ ಶಬ್ದ, ಆದರೆ ಅದು ಸುಳ್ಳು, ಈ ಗೆರೆಗಳ ಮೇಲೆ ಹೇಳುವ ಸುಳ್ಳು, ಅಪ್ಪನ ಅಚ್ಚಿನ ಮೇಲೆ ಹೇಳುವ ಸುಳ್ಳು, ಅಷ್ಟೂ ಇವರಿಗೆ ಯಾಕೆ ಕೊಡಬೇಕು, ಇವರು ಬೇಕಾದ್ದು ತಿಳಿದುಕೊಳ್ಳಲಿ, ಕುರಿ ಅಂತಲೇ ತಿಳಿಯಲಿ, ನಡುವಿನದನ್ನು ಯಾರೂ ಬರೆಯುವುದಿಲ್ಲ, ನುಡಿಸುವವನು ತುಂಬಿಕೊಳ್ಳಬೇಕು, ತುಂಬಿಕೊಳ್ಳಿ. ಗೌನು ಹೋಯಿತು, ಬೆಳಕಿನ ಮೇಜು ಹೋಯಿತು, ಅಮ್ಮ ಇನ್ನೊಂದು ಚಳಿಗಾಲ ಬೆಟ್ಟದ ಮೇಲೆ, ಹೋಗಲಿ, ಹೋಗಲಿ ಎಂದರೆ ಹೋಗುವಷ್ಟು ಹಗುರವೇ ಅದು, ಅಲ್ಲ, ಆದರೂ ಕಾಲು ಆಗಲೇ ತಿರುಗಿದೆ, ಕಾಲಿಗೆ ಯಾರು ಹೇಳಿದರು, ಗಾಯಕರ ಸಾಲಿನ ನಡುವೆ ನಡೆದ, ಒಬ್ಬ ನಿಲುವಂಗಿ ಎಳೆದುಕೊಂಡು ದಾರಿ ಬಿಟ್ಟ, ಏಯ್, ಕೇಳ್ತಿದೀಯಾ, ನಿನಗೇ ಕೇಳ್ತಿರೋದು, ಹಿಂದಿನಿಂದ ಬಂತು, ಕಲ್ಲಿಗೆ ಬಡಿದು ಎರಡು ಸಲ ಬಂತು, ಕೇಳ್ತಿದೀಯಾ, ಕೇಳ್ತಿದೀಯಾ. ಬಾಗಿಲು ದೂರ ಇದೆ. ಹಿಂದಿನ ಸಾಲಿನ ಕೊನೆಯ ಪೀಠ ದಾಟಿಯೇ ಹೋಗಬೇಕು, ಕಂಬಕ್ಕೆ ಒರಗಿದ ಬಿಳಿ ತಲೆ, ನೋಡಬಾರದು, ನೋಡದೆಯೇ ಕಂಡಿತು, ಪೀಠದ ಅಂಚಿನ ಮರದ ಮೇಲೆ ಎರಡು ಕೈ, ಕಣ್ಣು ಮುಚ್ಚಿದೆ, ಬೆರಳು ಓಡುತ್ತಿವೆ, ತಾಲೀಮು ನಿಂತದ್ದು ಅವರಿಗೆ ಗೊತ್ತಿಲ್ಲ, ಅಥವಾ ಗೊತ್ತಿದ್ದು ತಾವೇ ಮುಗಿಸುತ್ತಿದ್ದಾರೆ, ಉಗುರಿನ ಟಕಟಕ, ಕೊನೆಯ ಸಾಲಿಗೆ ಬಂದರು, ಹದಿನೆಂಟನೆಯ ಹಾಳೆ, ಅಂಗಿಯೊಳಗೆ ಎದೆಯ ಮೇಲೆ ಇರುವ ಹಾಳೆ, ಗಿಡಿಯನ್ ದಾಟಿದ, ಬಾಗಿಲ ಕಡೆ, ಬಿಸಿಲಿನ ಕಡೆ, ಹಿಂದೆ ಇನ್ನೂ ಕೂಗುತ್ತಿದ್ದಾರೆ, ಕೂಗಲಿ, ಕಿರುಬೆರಳು, ಸೊಟ್ಟ ಕಿರುಬೆರಳು ಮರದ ಮೇಲೆ ಒತ್ತಿ ನಿಂತಿದೆ, ಇನ್ನೂ ಇದೆ, ಚಾವಣಿಯಲ್ಲಿ ಇನ್ನೂ ಇದೆ, ನಡೆ, ಕಿರುಬೆರಳು, ಎತ್ತಿಲ್ಲ, ನಡೆ, ಕಿರುಬೆರಳು, ಎತ್ತಿಲ್ಲ, ಇನ್ನೂ ಎತ್ತಿಲ್ಲ